ದೀಪಸ್ತಂಭ ಎಡಕ್ಕೆ ಸರಿದರೆ ಬೋಟು ಬಲಕ್ಕೆ ಜಾರಿದೆ

ಕಾಪು ಕಡಲತೀರದ ಬಂಡೆಯ ಮೇಲಿನ ದೀಪಸ್ತಂಭ 1901ರಿಂದ ನಿಂತಲ್ಲೇ ನಿಂತಿದೆ. ಅದಕ್ಕೆ ಆರು ನಾಟಿಕಲ್ ಮೈಲಿ ಪಡುವಣದಲ್ಲಿ ಒಂದು ಬೋಟು ಇದೆ ಎನ್ನಿ. ಚುಕ್ಕಾಣಿ ಹಿಡಿದವನು ದೀಪಸ್ತಂಭವನ್ನು ಮೂತಿಯ ನೇರಕ್ಕೆ ತಂದು, ದಿಕ್ಸೂಚಿಯಲ್ಲಿ 90 ಡಿಗ್ರಿ, ಅಂದರೆ ನೇರ ಪೂರ್ವ, ಹಿಡಿದು ಹೊರಟಿದ್ದಾನೆ. ವೇಗ 6 ನಾಟ್, ಗಂಟೆಗೆ ಆರು ನಾಟಿಕಲ್ ಮೈಲಿ. ಎಂಜಿನ್ ಒಂದೇ ಸಮನೆ ಓಡುತ್ತಿದೆ, ಚುಕ್ಕಾಣಿ ಒಂದಿಷ್ಟೂ ಆಚೀಚೆ ಆಗಿಲ್ಲ. ಆದರೂ ಅರ್ಧ ಗಂಟೆ ಬಿಟ್ಟು ತಲೆಯೆತ್ತಿ ನೋಡಿದರೆ ದೀಪಸ್ತಂಭ ಮೂತಿಯ ನೇರದಲ್ಲಿಲ್ಲ, ಎಡಗಡೆಗೆ ಹೋಗಿದೆ.

ಸರಿದದ್ದು ಬೋಟು. ಅದು ತೇಲುತ್ತಿರುವ ನೀರೇ ಇಡಿಯಾಗಿ ತೆಂಕಣಕ್ಕೆ ಹರಿಯುತ್ತಿದ್ದು, ಬೋಟನ್ನೂ ಸದ್ದಿಲ್ಲದೆ ಜೊತೆಗೆ ಒಯ್ದಿದೆ. ಒಳಗೆ ಕೂತವರಿಗೆ ಈ ಸೆಳೆತ ತಿಳಿಯುವುದೇ ಇಲ್ಲ. ಸುತ್ತಲಿನ ನೊರೆ, ತೇಲುವ ಕಸ, ಕೂಗಳತೆಯಲ್ಲಿರುವ ಇನ್ನೊಂದು ಬೋಟು, ಎಲ್ಲವೂ ಅದೇ ನೀರಿನ ಮೇಲೆ ಒಟ್ಟಿಗೆ ಹೋಗುತ್ತಿರುತ್ತವೆ. ದಿಕ್ಸೂಚಿ ಹೇಳುವುದು ಮೂತಿ ಎತ್ತ ನೋಡುತ್ತಿದೆ ಎಂಬುದನ್ನು ಮಾತ್ರ. ಬೋಟು ಎತ್ತ ಹೋಗುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ನೀರಿಗೆ ಇಳಿಬಿಟ್ಟ ವೇಗಮಾಪಕವೂ ನೀರಿನ ಲೆಕ್ಕದ ವೇಗವನ್ನೇ ಹೇಳುತ್ತದೆ, ನೆಲದ ಲೆಕ್ಕದ್ದನ್ನಲ್ಲ. ಹಾಗಾಗಿ ಸಾಕ್ಷಿ ಬೇಕೆಂದರೆ ದಡದ ಮೇಲೆ ಕದಲದೆ ನಿಂತಿರುವ ಯಾವುದನ್ನಾದರೂ ಕೇಳಬೇಕು: ದೀಪಸ್ತಂಭ, ಗೋಪುರ, ಗುಡ್ಡದ ತುದಿ, ಚಿಮಣಿ.

ಕೇಳುವ ಬಗೆಯೇ ಬೇರಿಂಗ್. ನೀವು ನಿಂತಲ್ಲಿಂದ ಆ ಗುರುತಿನತ್ತ ಒಂದು ಗೆರೆ ಎಳೆದರೆ, ಉತ್ತರದಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸಿದಾಗ ಆ ಗೆರೆ ಎಷ್ಟು ಡಿಗ್ರಿಯಲ್ಲಿದೆ ಎಂಬುದು ಅದರ ಬೇರಿಂಗ್. ಕೈಯಲ್ಲಿ ಹಿಡಿಯುವ ದಿಕ್ಸೂಚಿಯನ್ನು ಕಣ್ಣೆತ್ತರಕ್ಕೆ ತಂದು ಗುರುತಿಗೆ ಗುರಿ ಹಿಡಿದು ಓದಿದರೆ ಸಾಕು. ಆದರೆ ಒಂದು ಬೇರಿಂಗ್ ಒಂಟಿಯಾಗಿ ಹೇಳುವುದು ಬಹಳ ಕಡಿಮೆ: ನೀವು ಈ ಗೆರೆಯ ಮೇಲೆ ಎಲ್ಲೋ ಇದ್ದೀರಿ, ಅಷ್ಟೇ. ಸೆಳೆತ ಹಿಡಿಯಬೇಕಾದರೆ ಬೇರಿಂಗ್ ಹೇಗೆ ಬದಲಾಗುತ್ತಿದೆ ಎಂದು ನೋಡಬೇಕು. ಅದಕ್ಕೂ ಮೊದಲು, ಸೆಳೆತ ಇಲ್ಲದಿದ್ದರೆ ಅದು ಹೇಗೆ ಬದಲಾಗಬೇಕಿತ್ತು ಎಂದು ಲೆಕ್ಕ ಹಾಕಿಟ್ಟುಕೊಂಡಿರಬೇಕು. ನೋಡಿದ ಮೇಲೆ ಲೆಕ್ಕ ಹಾಕಲು ಕೂತರೆ ಮನಸ್ಸು ಕಂಡದ್ದಕ್ಕೆ ತಕ್ಕ ಸಮಜಾಯಿಷಿ ಹುಡುಕಿಬಿಡುತ್ತದೆ.

ಕಾಪುವಿನ ಬೋಟಿಗೇ ಮರಳೋಣ. ಸೆಳೆತ ಇಲ್ಲದಿದ್ದರೆ ದೀಪಸ್ತಂಭದ ಬೇರಿಂಗ್ ಕೊನೆಯವರೆಗೂ 90 ಆಗಿಯೇ ಇರಬೇಕು. ಈಗ ದಕ್ಷಿಣಕ್ಕೆ 1 ನಾಟ್ ಸೆಳೆತ ಇದೆ ಎಂದಿಟ್ಟುಕೊಳ್ಳಿ. ಹತ್ತು ನಿಮಿಷದ ಮೇಲೆ ಬೇರಿಂಗ್ 88. ಇಪ್ಪತ್ತು ನಿಮಿಷಕ್ಕೆ 85. ಅರ್ಧ ಗಂಟೆಗೆ ಎಂಬತ್ತೂವರೆ. ನಲವತ್ತು ನಿಮಿಷಕ್ಕೆ 72. ಸೆಳೆತ ಹೆಚ್ಚಾಗಿಲ್ಲ, ಒಂದೇ ಸಮ ಇದೆ. ಆದರೆ ಗುರುತು ಹತ್ತಿರವಾದಷ್ಟೂ ಅದೇ ಜಾರಿಕೆ ದೊಡ್ಡ ಕೋನವಾಗಿ ಕಾಣುತ್ತದೆ. ಅಲುಗಾಡುವ ಬೋಟಿನಲ್ಲಿ ಕೈ ದಿಕ್ಸೂಚಿ ಎರಡು ಡಿಗ್ರಿ ಆಚೀಚೆ ಓದಿಸುವುದು ಮಾಮೂಲು. ಆದ್ದರಿಂದ ಹತ್ತನೇ ನಿಮಿಷದ 88 ನೋಡಿ ಗಾಬರಿಯಾಗಬೇಕಿಲ್ಲ. ಇಪ್ಪತ್ತನೇ ನಿಮಿಷದಲ್ಲೂ ಅದೇ ಕಡೆಗೆ ಇಳಿದು 85 ಬಂದರೆ ಮಾತ್ರ ಅದನ್ನು ಕೈನಡುಕ ಎಂದು ತಳ್ಳಿಹಾಕುವಂತಿಲ್ಲ.

ಕೋನವನ್ನು ದೂರವಾಗಿಸುವುದಕ್ಕೆ ಒಂದು ಬಾಯಿಲೆಕ್ಕ ಇದೆ: ಅರವತ್ತು ಮೈಲಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಒಂದು ಮೈಲಿ. ಆರು ಮೈಲಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಮೈಲಿಯ ಹತ್ತನೇ ಒಂದು ಭಾಗ, ಸುಮಾರು 185 ಮೀಟರ್. ಅರ್ಧ ಗಂಟೆಯಲ್ಲಿ ಮೂರು ಮೈಲಿ ಕ್ರಮಿಸಿದ್ದೀರಿ, ಇನ್ನು ಮೂರು ಉಳಿದಿದೆ, ಬೇರಿಂಗ್ ಒಂಬತ್ತೂವರೆ ಡಿಗ್ರಿ ಸರಿದಿದೆ. ಒಂಬತ್ತೂವರೆಯನ್ನು ಮೂರರಿಂದ ಗುಣಿಸಿ ಅರವತ್ತರಿಂದ ಭಾಗಿಸಿ: ಹತ್ತಿರ ಹತ್ತಿರ ಅರ್ಧ ಮೈಲಿ. ಅರ್ಧ ಗಂಟೆಗೆ ಅರ್ಧ ಮೈಲಿ ಎಂದರೆ ಸೆಳೆತ 1 ನಾಟ್. ಬೇರಿಂಗ್ ಇಳಿಯುತ್ತಿದ್ದರೆ ಗುರುತು ಎಡಕ್ಕೆ ಹೋಗುತ್ತಿದೆ, ನೀವು ಬಲಕ್ಕೆ ಜಾರುತ್ತಿದ್ದೀರಿ. ಏರುತ್ತಿದ್ದರೆ ಇದಕ್ಕೆ ತಿರುಗುಮುರುಗು.

ಇಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವುದೇನೆಂದರೆ, ದೀಪಸ್ತಂಭ ಎಡಕ್ಕೆ ಹೋದ ಕೂಡಲೇ ಮೂತಿಯನ್ನು ಮತ್ತೆ ಅದರತ್ತ ತಿರುಗಿಸುವುದು. ಐದು ನಿಮಿಷ ಬಿಟ್ಟು ಮತ್ತೆ ಅದೇ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ದೀಪಸ್ತಂಭ ಸದಾ ಮೂತಿಯ ಎದುರೇ ಇರುತ್ತದೆ. ಬೋಟು ಮಾತ್ರ ನೇರ ದಾರಿ ಬಿಟ್ಟು ತೆಂಕಣಕ್ಕೆ ಬಳುಕಿದ ದಾರಿಯಲ್ಲಿ ಹೋಗಿ, ಕೊನೆಗೆ ನೈಋತ್ಯದ ಕಡೆಯಿಂದ ಸೆಳೆತಕ್ಕೆ ಎದುರಾಗಿ ಏದುಸಿರು ಬಿಡುತ್ತ ಬರುತ್ತದೆ. ಆ ತೆಂಕಣದ ಬದಿಯಲ್ಲಿ ಬಂಡೆ ಇದ್ದರೆ ಕತೆ ಬೇರೆಯೇ. ಹೀಗೆ ಹೋಗುವವರಿಗೂ ಎಚ್ಚರಿಕೆ ಸಿಗುವುದು ದಿಕ್ಸೂಚಿಯಲ್ಲೇ: ಗುರುತು ಮೂತಿಯ ನೇರವೇ ಇದ್ದರೂ ಹಿಡಿದ ದಿಕ್ಕು 90, 86, 81 ಎಂದು ಮೆಲ್ಲಗೆ ಇಳಿಯುತ್ತಿರುತ್ತದೆ.

ಸರಿಯಾದ ತಿದ್ದುಪಡಿ ಬೇರೆ. ಸೆಳೆತ ಬೋಟಿನ ವೇಗದ ಆರನೇ ಒಂದು ಭಾಗ. ಅರವತ್ತರ ಆರನೇ ಒಂದು ಭಾಗ ಹತ್ತು. ಹಾಗಾಗಿ ಮೂತಿಯನ್ನು ಸೆಳೆತ ಬರುವ ಕಡೆಗೆ ಹತ್ತು ಡಿಗ್ರಿ ಹೆಚ್ಚಿಗೆ ತಿರುಗಿಸಿ ಹಿಡಿಯಬೇಕು. ಹೊರಡುವಾಗಲೇ ಸೆಳೆತ ಗೊತ್ತಿದ್ದರೆ 90ರ ಬದಲು 80. ಈಗಾಗಲೇ ಜಾರಿ ಬೇರಿಂಗ್ 80ಕ್ಕೆ ಬಂದಿದ್ದರೆ ಮೂತಿ 70ಕ್ಕೆ. ಆಗ ದೀಪಸ್ತಂಭ ಮೂತಿಗೆ ಹತ್ತು ಡಿಗ್ರಿ ಬಲಕ್ಕೆ ಕಾಣುತ್ತದೆ, ಬೋಟು ಬೇರೆಲ್ಲಿಗೋ ಹೊರಟಂತೆ ಅನ್ನಿಸುತ್ತದೆ. ಆದರೆ ಬೇರಿಂಗ್ ಅಲುಗುವುದಿಲ್ಲ. ಬೇರಿಂಗ್ ಅಲುಗದೆ ದೂರ ಕಡಿಮೆಯಾಗುತ್ತಿದೆ ಎಂದರೆ ನೀವು ಅದರತ್ತ ನೇರವಾಗಿಯೇ ಹೋಗುತ್ತಿದ್ದೀರಿ. ಹಡಗುಗಳ ಡಿಕ್ಕಿ ತಪ್ಪಿಸುವ 1972ರ ಅಂತಾರಾಷ್ಟ್ರೀಯ ನಿಯಮಗಳಲ್ಲೂ ಇದೇ ತತ್ವವಿದೆ: ಎದುರಿನಿಂದ ಬರುವ ಹಡಗಿನ ಬೇರಿಂಗ್ ಹೇಳಿಕೊಳ್ಳುವಷ್ಟು ಬದಲಾಗದಿದ್ದರೆ ಅಪಾಯ ಇದೆ ಎಂದೇ ತಿಳಿಯಬೇಕು. ದೀಪಸ್ತಂಭಕ್ಕೆ ದಾರಿ ತೋರಿಸುವ ಗುಣವೇ ಎದುರಿನ ಹಡಗಿನ ಮಟ್ಟಿಗೆ ಅಪಾಯದ ಗುರುತು.

ಬೇರಿಂಗ್ ಸರಿದ ಮಾತ್ರಕ್ಕೆ ಅದೆಲ್ಲ ನೀರಿನ ಕೆಲಸ ಎಂದುಕೊಳ್ಳಬೇಡಿ. ಗಾಳಿಯೂ ಬೋಟನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡನ್ನೂ ಬೇರೆ ಮಾಡಲು ಹಿಂದಕ್ಕೆ ತಿರುಗಿ ಬೋಟು ಬಿಟ್ಟುಹೋಗುವ ನೊರೆಯ ಗೆರೆ ನೋಡಿ. ಗಾಳಿ ತಳ್ಳುತ್ತಿದ್ದರೆ ಬೋಟು ನೀರಿನ ಮೇಲೆಯೇ ಜಾರುತ್ತಿರುತ್ತದೆ, ನೊರೆಯ ಗೆರೆ ಬೋಟಿನ ಹಿಂಬದಿಗೆ ನೇರವಾಗಿರದೆ ಓರೆಯಾಗಿ ಗಾಳಿ ಬರುವ ಕಡೆಗೆ ವಾಲಿರುತ್ತದೆ. ಸೆಳೆತದಲ್ಲಿ ನೊರೆಯೂ ಬೋಟಿನ ಜೊತೆಗೇ ಹೋಗುವುದರಿಂದ ಗೆರೆ ನೆಟ್ಟಗೇ ಇರುತ್ತದೆ. ನೊರೆ ನೆಟ್ಟಗಿದ್ದೂ ಬೇರಿಂಗ್ ಸರಿಯುತ್ತಿದೆಯೇ? ಅದು ನೀರಿನ ಕೆಲಸ. ಇನ್ನೊಂದು ಅನುಮಾನ ದಿಕ್ಸೂಚಿಯ ಮೇಲೇ ಬರಬಹುದು. ಎಂಜಿನ್ನಿನ ಕಬ್ಬಿಣ, ಪಕ್ಕದಲ್ಲಿಟ್ಟ ಮೊಬೈಲು, ರೇಡಿಯೋದ ಸ್ಪೀಕರು ಅದನ್ನು ಕೆಡಿಸುತ್ತವೆ. ಆದರೆ ಒಂದೇ ಜಾಗದಲ್ಲಿ ನಿಂತು, ಬೋಟಿನ ದಿಕ್ಕು ಬದಲಿಸದೆ ಓದಿದರೆ ಆ ತಪ್ಪು ಪ್ರತಿ ಸಲವೂ ಅಷ್ಟೇ ಇರುತ್ತದೆ. ಸೆಳೆತದ ತಪ್ಪು ಮಾತ್ರ ಬೆಳೆಯುತ್ತ ಹೋಗುತ್ತದೆ. ಒಂದು ಓದಿಗಿಂತ ಓದುಗಳ ನಡುವಿನ ವ್ಯತ್ಯಾಸವನ್ನು ನಂಬುವುದು ಇದಕ್ಕೇ.

ಎರಡು ಗುರುತು ಒಂದೇ ಸಾಲಿನಲ್ಲಿ

ದಿಕ್ಸೂಚಿಯೇ ಬೇಡ ಎನ್ನುವ ವಿಧಾನವೂ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅದೇ ಮೇಲು. ದಡದ ಹತ್ತಿರದ ಒಂದು ಗುರುತು, ಅದರ ಹಿಂದೆ ದೂರದ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತಂತೆ ಕಂಡರೆ ನೀವು ಅವೆರಡನ್ನೂ ಕೂಡಿಸುವ ಗೆರೆಯ ಮೇಲಿದ್ದೀರಿ. ಗೆರೆಯಿಂದ ಬಲಕ್ಕೆ ಜಾರಿದ ತಕ್ಷಣ ಹತ್ತಿರದ ಗುರುತು ದೂರದ್ದರಿಂದ ಬೇರ್ಪಟ್ಟು ಎಡಕ್ಕೆ ಬರುತ್ತದೆ. ಮರಳಿ ಸಾಲಿಗೆ ಬರಲು ಹತ್ತಿರದ ಗುರುತು ಎತ್ತ ಹೋಗಿದೆಯೋ ಅತ್ತ ಚುಕ್ಕಾಣಿ ತಿರುಗಿಸಬೇಕು, ಅಷ್ಟೇ ಸೂತ್ರ.

ಇದರ ಸೂಕ್ಷ್ಮತೆ ಎಷ್ಟು ಎಂದರೆ, ಹತ್ತಿರದ ಗುರುತು ಎರಡು ಮೈಲಿ, ದೂರದ್ದು ನಾಲ್ಕು ಮೈಲಿ ಇರುವಾಗ ನೀವು 100 ಮೀಟರ್ ಪಕ್ಕಕ್ಕೆ ಹೋದರೆ ಎರಡರ ನಡುವೆ ಮುಕ್ಕಾಲು ಡಿಗ್ರಿಯ ಸಂದು ಬೀಳುತ್ತದೆ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಚಂದ್ರನೇ ತೂರಿ ಹೋಗುವಷ್ಟು ಸಂದು. ಕೈ ದಿಕ್ಸೂಚಿಗೆ ಹಿಡಿಯಲಾಗದ ಜಾರಿಕೆ ಬರಿಗಣ್ಣಿಗೆ ಸಿಕ್ಕಿಬೀಳುತ್ತದೆ. ದೊಡ್ಡ ಬಂದರುಗಳ ಕಾಲುವೆಗೆ ದಾರಿ ತೋರಿಸಲು ಒಂದರ ಹಿಂದೆ ಒಂದು ಎರಡು ದೀಪಕಂಬ ನಿಲ್ಲಿಸುವುದು ಇದೇ ಲೆಕ್ಕದ ಮೇಲೆ.

ಈ ವಿಷಯದಲ್ಲಿ ನಮ್ಮ ಕರಾವಳಿ ಪುಣ್ಯ ಮಾಡಿದೆ. ದಡದ ಹಿಂದೆಯೇ ಘಟ್ಟದ ಸಾಲು ಗೋಡೆಯಂತೆ ಎದ್ದಿದೆ. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಹಿಂದಿನಿಂದಲೂ ಕಡಲ ಮೇಲಿನವರಿಗೆ ಗುರುತಿನ ಶಿಖರ. ಆ ಕುದುರೆಯ ಮುಖ ಕಾಣುವುದೂ ಸಮುದ್ರದ ಕಡೆಯಿಂದಲೇ. ಮುಂದೆ ತೆಂಗಿನ ತೋಪು, ದೀಪಸ್ತಂಭ, ದೇವಸ್ಥಾನ, ಹಿಂದೆ ಶಿಖರ. ಮೀನುಗಾರರು ನೀರಿನಡಿಯ ಕಲ್ಲು ದಿಬ್ಬಗಳನ್ನು ವರ್ಷದಿಂದ ವರ್ಷಕ್ಕೆ ಹುಡುಕಿಕೊಂಡು ಹೋಗುತ್ತಿದ್ದುದು ಇಂಥ ಎರಡು ಸಾಲುಗಳು ಒಂದನ್ನೊಂದು ಕತ್ತರಿಸುವ ಜಾಗ ನೆನಪಿಟ್ಟುಕೊಂಡೇ. ಹೊಸ ಗುರುತುಗಳಿಗೂ ಕೊರತೆಯಿಲ್ಲ. ಮುರುಡೇಶ್ವರದ 20 ಅಂತಸ್ತಿನ ರಾಜಗೋಪುರ, 123 ಅಡಿಯ ಶಿವನ ಮೂರ್ತಿ ದೂರದವರೆಗೆ ಕಾಣುತ್ತವೆ. ಪಡುಬಿದ್ರಿ ಬಳಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯ ಬಗ್ಗೆ ಊರಿನವರ ಅಭಿಪ್ರಾಯ ಏನೇ ಇರಲಿ, ಬೇರಿಂಗ್ ತೆಗೆಯುವವನಿಗೆ ಅಷ್ಟು ತೆಳ್ಳಗೆ, ಅಷ್ಟು ನೆಟ್ಟಗೆ ನಿಂತ ಗುರುತು ಬೇರೆ ಸಿಗುವುದು ಕಷ್ಟ. ತೊಡಕು ಒಂದೇ: ಮಳೆಗಾಲದಲ್ಲಿ, ಕೆಲವೊಮ್ಮೆ ಬೇಸಿಗೆಯ ಮಬ್ಬಿನಲ್ಲೂ, ಘಟ್ಟ ಕಾಣುವುದಿಲ್ಲ. ಆಗ ಒಂದೇ ಗುರುತಿನಲ್ಲಿ ಕೆಲಸ ತೆಗೆಯಬೇಕು.

ಒಂದೇ ಗುರುತು ಇದ್ದಾಗ

ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹೋಗುತ್ತಿದ್ದೀರಿ, ಮೂತಿ 0 ಡಿಗ್ರಿ, ಬಲಕ್ಕೆ ದೀಪಸ್ತಂಭ. ಹತ್ತು ಗಂಟೆಗೆ ಅದರ ಬೇರಿಂಗ್ 53. ಹತ್ತೂವರೆಗೆ ಸರಿಯಾಗಿ ಪಕ್ಕಕ್ಕೆ ಬಂತು, 90. ಸೆಳೆತ ಇಲ್ಲದಿದ್ದರೆ ಹನ್ನೊಂದಕ್ಕೆ ಎಷ್ಟಿರಬೇಕು? ನೇರ ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನಿಗೆ ಗುರುತು ಪಕ್ಕಕ್ಕೆ ಬರುವ ಅರ್ಧ ಗಂಟೆ ಮೊದಲು ಎಷ್ಟು ಕೋನ ಉಳಿದಿತ್ತೋ, ಅರ್ಧ ಗಂಟೆ ಆದ ಮೇಲೆ ಅಷ್ಟೇ ಕೋನ ದಾಟಿರಬೇಕು. ಮೊದಲು 37 ಡಿಗ್ರಿ, ಹಾಗಾದರೆ ಆಮೇಲೂ 37: ಬೇರಿಂಗ್ 127. ಈ ಸಂಖ್ಯೆಯನ್ನು ಹತ್ತೂವರೆಗೇ ಪುಸ್ತಕದಲ್ಲಿ ಬರೆದಿಡಿ.

ಹನ್ನೊಂದಕ್ಕೆ ಓದಿದರೆ 135 ಬಂತು ಎನ್ನಿ. ಎಂಟು ಡಿಗ್ರಿ ಹೆಚ್ಚು. ಗುರುತು ಬೇಗ ಹಿಂದಕ್ಕೆ ಸರಿದಿದೆ, ಅಂದರೆ ನೀವು ಅದಕ್ಕೆ ಹತ್ತಿರವಾಗುತ್ತಿದ್ದೀರಿ. ನೀರು ನಿಮ್ಮನ್ನು ದಡದ ಕಡೆಗೆ ಎಳೆಯುತ್ತಿದೆ. ಈ ಅಂಕಿಗಳು ಬರುವುದು 6 ನಾಟ್ ವೇಗದ ಬೋಟನ್ನು 1 ನಾಟ್ ಸೆಳೆತ ಪೂರ್ವಕ್ಕೆ ತಳ್ಳಿದಾಗ. ನಾಲ್ಕು ಮೈಲಿ ದೂರದಲ್ಲಿದ್ದ ದಡ ಒಂದು ಗಂಟೆಯಲ್ಲಿ ಮೂರು ಮೈಲಿಗೆ ಬಂದಿರುತ್ತದೆ. 127ಕ್ಕಿಂತ ಕಡಿಮೆ ಬಂದಿದ್ದರೆ ನೀವು ಕಡಲ ಕಡೆಗೆ ಹೋಗುತ್ತಿದ್ದೀರಿ ಎಂದರ್ಥ. ನಕ್ಷೆ ಬೇಡ, ಗಣಕ ಬೇಡ. ಕೈಗಡಿಯಾರ, ದಿಕ್ಸೂಚಿ, ಒಂದು ಕೂಡುವ ಲೆಕ್ಕ.

ಆದರೆ ಈ ಉಪಾಯಕ್ಕೆ ಒಂದು ಕುರುಡು ಇದೆ. ಸೆಳೆತ ಸರಿಯಾಗಿ ಎದುರಿನಿಂದಲೋ ಹಿಂದಿನಿಂದಲೋ ಇದ್ದರೆ ಎರಡೂ ಕಡೆಯ ಕೋನ ಸಮವಾಗಿಯೇ ಬರುತ್ತದೆ, ಏನೂ ತಿಳಿಯುವುದಿಲ್ಲ. ಹಳೆಯ ಪಾಠ ಕೈಕೊಡುವುದೂ ಅಲ್ಲೇ. ಗುರುತು ಮೂತಿಯಿಂದ 45 ಡಿಗ್ರಿಯಲ್ಲಿ ಇದ್ದಾಗಿನಿಂದ ಪಕ್ಕಕ್ಕೆ ಬರುವವರೆಗೆ ಎಷ್ಟು ದೂರ ಕ್ರಮಿಸಿದೆವೋ ಅಷ್ಟೇ ದೂರ ಗುರುತಿಗೂ ನಮಗೂ ಇದೆ ಎಂದು ನೌಕಾಯಾನದ ಪುಸ್ತಕಗಳು ಕಲಿಸುತ್ತವೆ. ನೀರು ನಿಂತಿದ್ದರೆ ಅದು ನಿಜ. ಎದುರು ಸೆಳೆತ 1 ನಾಟ್ ಇರುವಾಗ 6 ನಾಟ್ ಬೋಟು ನೆಲದ ಲೆಕ್ಕದಲ್ಲಿ ಹೋಗುವುದು 5 ನಾಟ್ ಮಾತ್ರ. ನಿಜವಾಗಿ ಮೂರು ಮೈಲಿ ದಾಟಲು 36 ನಿಮಿಷ ಹಿಡಿಯುತ್ತದೆ, ವೇಗಮಾಪಕದ ಲೆಕ್ಕದಲ್ಲಿ ಮಾತ್ರ ಅದು ಮೂರೂವರೆ ಮೈಲಿಗಿಂತ ಹೆಚ್ಚಾಗುತ್ತದೆ. ದಡ ಇನ್ನೂ ದೂರ ಇದೆ ಎಂದು ನೀವು ನಂಬಿರುತ್ತೀರಿ, ದಡ ಹತ್ತಿರವೇ ಇರುತ್ತದೆ. ಎದುರು ಸೆಳೆತದಲ್ಲಿ ತಪ್ಪು ಅಪಾಯದ ಕಡೆಗೇ ವಾಲುವುದು ಈ ಲೆಕ್ಕದ ಕೆಟ್ಟ ಗುಣ. ಎದುರು ಸೆಳೆತ ಹಿಡಿಯಲು ದಡದ ಗುಂಟ ಎರಡು ಗುರುತು ಬೇಕು. ಕಾಪು ದೀಪಸ್ತಂಭಕ್ಕೂ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೂ ನಡುವೆ ಸುಮಾರು 10 ನಾಟಿಕಲ್ ಮೈಲಿ. ಒಂದು ಪಕ್ಕಕ್ಕೆ ಬಂದ ಹೊತ್ತಿನಿಂದ ಇನ್ನೊಂದು ಪಕ್ಕಕ್ಕೆ ಬರಲು 6 ನಾಟ್ ಬೋಟಿಗೆ ಒಂದು ಗಂಟೆ ನಲವತ್ತು ನಿಮಿಷ ಸಾಕು. ಎರಡು ಗಂಟೆ ಹಿಡಿದರೆ ಎದುರಿನಿಂದ 1 ನಾಟ್ ನೀರು ಬರುತ್ತಿದೆ.

ಲೆಕ್ಕದ ಜಾಗವನ್ನೇ ನಂಬಿ ಬೇರಿಂಗನ್ನು ಅನುಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ 1923ರ ಸೆಪ್ಟೆಂಬರ್ 8ರ ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದೇ ಉದಾಹರಣೆ. ಅಮೆರಿಕ ನೌಕಾಪಡೆಯ ಡಿಸ್ಟ್ರಾಯರ್‌ಗಳ ಸಾಲೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಡಿಯೇಗೋಗೆ ಹೊರಟಿತ್ತು. ಮಂಜಿನಲ್ಲಿ ದಡ ಕಾಣದು. ಕ್ರಮಿಸಿದ ದೂರದ ಲೆಕ್ಕದ ಪ್ರಕಾರ ತಿರುವಿನ ಜಾಗ ದಾಟಿ ಆಗಿತ್ತು. ದಡದ ರೇಡಿಯೋ ಕೇಂದ್ರ ಕೊಟ್ಟ ಬೇರಿಂಗ್ ಮಾತ್ರ, ನೀವಿನ್ನೂ ಉತ್ತರದಲ್ಲೇ ಇದ್ದೀರಿ ಎನ್ನುತ್ತಿತ್ತು. ಕೇಂದ್ರದ್ದೇ ತಪ್ಪಿರಬೇಕೆಂದು ಮುಂದಿನ ಹಡಗು ಪೂರ್ವಕ್ಕೆ ತಿರುಗಿತು, ಹಿಂದಿನವು ಹಿಂಬಾಲಿಸಿದವು. ಹೊಂಡಾ ಪಾಯಿಂಟ್ ಬಂಡೆಗಳಿಗೆ ಬಡಿದು ಏಳು ಹಡಗು ನಾಶವಾದವು, 23 ನಾವಿಕರು ಸತ್ತರು. ಅದಕ್ಕೆ ಒಂದು ವಾರ ಮೊದಲು ಜಪಾನಿನಲ್ಲಿ ಆದ ಭೂಕಂಪ ಅಲ್ಲಿನ ಸೆಳೆತವನ್ನು ಏರುಪೇರು ಮಾಡಿತ್ತೇ ಎಂಬ ಚರ್ಚೆ ಇಂದಿಗೂ ಇದೆ.

ಯಾವ ಕಾಲಕ್ಕೆ ಯಾವ ಕಡೆ

ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಗುಂಟ ನೀರು ದಕ್ಷಿಣಕ್ಕೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರಕ್ಕೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿಸಿ ಆಗಸ್ಟ್‌ನಲ್ಲಿ ಕಡಲಿಗಿಳಿಯುವ ಬೋಟುಗಳಿಗೆ ಸಿಗುವುದು ದಕ್ಷಿಣದ ಸೆಳೆತ. ಚಳಿಗಾಲದ್ದು ವಿಚಿತ್ರ: ಗಾಳಿ ಬಡಗಣದಿಂದ ಬೀಸುತ್ತಿರುತ್ತದೆ, ನೀರು ಅದಕ್ಕೆ ಎದುರಾಗಿ ಬಡಗಣಕ್ಕೇ ಹರಿಯುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಗಾಳಿ ನೋಡಿ ಸೆಳೆತ ಊಹಿಸಿದವನು ತದ್ವಿರುದ್ಧ ದಿಕ್ಕಿಗೆ ತಿದ್ದಿಕೊಂಡಾನು. ಬೇರಿಂಗ್ ಈ ಊಹೆಯ ಗೊಡವೆಯಿಲ್ಲದೆ ಆದದ್ದನ್ನು ಹೇಳುತ್ತದೆ. ಅಳಿವೆಗಳ ಬಾಯಲ್ಲಂತೂ ಯಾವ ಕಾಲಸೂಚಿಯೂ ನಡೆಯುವುದಿಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು ಪಕ್ಕದಿಂದ ತಟ್ಟನೆ ತಳ್ಳುತ್ತದೆ, ಹತ್ತು ನಿಮಿಷಕ್ಕೊಮ್ಮೆ ಬೇರಿಂಗ್ ನೋಡುವವನು ಅಲ್ಲಿ ತಡಮಾಡಿದಂತೆಯೇ. ಅಲ್ಲಿ ಬೇಕಾದದ್ದು ಎರಡು ಗುರುತಿನ ಸಾಲು, ಕಣ್ಣು ಅದರ ಮೇಲೆಯೇ.

ಜಿಪಿಎಸ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ: ಜಿಪಿಎಸ್ ಕೂಡ ಇದೇ ಕೆಲಸ ಮಾಡುತ್ತದೆ, ಇನ್ನೂ ಚೊಕ್ಕವಾಗಿ. ಅದರಲ್ಲಿ ನೆಲದ ಮೇಲೆ ಬೋಟು ಹೋಗುತ್ತಿರುವ ದಿಕ್ಕು ಕಾಣುತ್ತದೆ. ದಿಕ್ಸೂಚಿಯಲ್ಲಿ ಮೂತಿಯ ದಿಕ್ಕು. ಎರಡರ ನಡುವಿನ ಅಂತರವೇ ಜಾರಿಕೆ. ಪರದೆ ನೋಡುವ ಎಷ್ಟೋ ಮಂದಿ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಇಲ್ಲ ಎಂಬುದಷ್ಟೇ ನನ್ನ ತಕರಾರು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಸಮುದ್ರ ಸ್ಥಿತಿಯ ಮುನ್ಸೂಚನೆಯಲ್ಲಿ ಸೆಳೆತದ ವಿವರವೂ ಇರುತ್ತದೆ. ಹೊರಡುವ ಮೊದಲು ಅದನ್ನು ನೋಡಿಕೊಂಡರೆ ಮೊದಲ ಬೇರಿಂಗ್ ತೆಗೆಯುವಾಗಲೇ ಏನು ನಿರೀಕ್ಷಿಸಬೇಕೆಂದು ಗೊತ್ತಿರುತ್ತದೆ.

ಗುರುತು ಆರಿಸುವಾಗ ಎಚ್ಚರ ಬೇಕು. ಲಂಗರು ಹಾಕಿದ ಹಡಗಿನ ದೀಪವನ್ನು ರಾತ್ರಿ ದಡದ ದೀಪವೆಂದು ತಿಳಿದು ಬೇರಿಂಗ್ ತೆಗೆದರೆ ಎಲ್ಲ ಲೆಕ್ಕವೂ ನೀರುಪಾಲು. ದೀಪಸ್ತಂಭದ ಮಿಂಚುವ ಗತಿಯನ್ನು ಗಡಿಯಾರ ಹಿಡಿದು ಎಣಿಸಿ ನಕ್ಷೆಯೊಂದಿಗೆ ತಾಳೆ ನೋಡಿಯೇ ನಂಬಬೇಕು. ಸರಪಳಿಗೆ ಕಟ್ಟಿದ ಬೋಯಾ ತನ್ನ ಜಾಗದಲ್ಲೇ ಸುತ್ತಾಡುತ್ತಿರುತ್ತದೆ, ಒಮ್ಮೊಮ್ಮೆ ಕಿತ್ತುಕೊಂಡೂ ಹೋಗುತ್ತದೆ. ಹಾಗಾಗಿ ಅದು ಬೇರಿಂಗಿಗೆ ಸಲ್ಲದು. ಆದರೆ ಹತ್ತಿರದಿಂದ ಹಾದುಹೋಗುವಾಗ ಅದನ್ನೊಮ್ಮೆ ನೋಡಿ. ನೀರು ಓಡುತ್ತಿದ್ದರೆ ಬೋಯಾ ಆ ಕಡೆಗೇ ವಾಲಿರುತ್ತದೆ, ಅದರ ಕೆಳಮಗ್ಗುಲಲ್ಲಿ ಸುಳಿಯ ಗೆರೆ ಎದ್ದಿರುತ್ತದೆ. ಗಾಳಿ ಜೋರಿಲ್ಲದ ದಿನ ಲಂಗರು ಹಾಕಿದ ಬೋಟುಗಳೂ ನೀರು ಬರುವ ಕಡೆಗೇ ಮೂತಿ ಮಾಡಿ ನಿಂತಿರುತ್ತವೆ. ದಕ್ಕೆಯಿಂದ ಹೊರಬೀಳುವಾಗ ಬೋಟು ನಡೆಸುವ ತಾಂಡೇಲ ಮೊದಲು ಕಣ್ಣು ಹಾಯಿಸುವುದು ಅವುಗಳ ಮೇಲೆ. ಬೇರಿಂಗ್ ಲೆಕ್ಕಕ್ಕೆ ಅರ್ಧ ಗಂಟೆ ಬೇಕು, ಇದು ಒಂದೇ ನೋಟದಲ್ಲಿ ಸಿಗುತ್ತದೆ.